ಸ್ಕ್ಯಾನ್‌ನಲ್ಲಿ ಕಾಣದ ನೋವು

ಬೇಸಿಗೆ ರಜೆ ಅಂದ್ರೆ ನಮ್ಮನೇಲಿ ಕಳಲೆ ಅಂತಲೇ ಅರ್ಥ. ನಂಜನಗೂಡಿನಿಂದ ಐದಾರು ಕಿಲೋಮೀಟರ್ ದೂರದ ನನ್ನ ತವರು. ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಊರು ಅಂತ ಇತಿಹಾಸದ ಪುಸ್ತಕಗಳಲ್ಲಿದೆ. ನನ್ನ ಹತ್ತು ವರ್ಷದ ಮಗಳು ಪುಟ್ಟಿಗೆ ಮಾತ್ರ ಅದು ಅಜ್ಜಿ ಮನೆ, ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನ, ಮತ್ತೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ಬಿಡೋಕೆ ಆಗದ ಸೈಕಲ್ಲು.

ಹೋದ ವರ್ಷ ಮೇ ತಿಂಗಳ ಕೊನೆಯ ಭಾನುವಾರ. ನಮ್ಮಣ್ಣನ ಮಗ ಸೈಕಲ್ ತುಳೀತಿದ್ದ, ಇವಳು ಹಿಂದೆ ಕ್ಯಾರಿಯರ್ ಮೇಲೆ. ತಿರುವಿನಲ್ಲಿ ಜಲ್ಲಿ ಮೇಲೆ ಚಕ್ರ ಜಾರಿತು. ಅವನ ಮೊಣಕಾಲು ತರಚಿತು. ಇವಳು ಹಿಂದಕ್ಕೆ ಬಿದ್ದಳು, ತಲೆಯ ಹಿಂಭಾಗ ಸಿಮೆಂಟ್ ರಸ್ತೆಗೆ ಬಡೀತು. ಎಚ್ಚರ ತಪ್ಪಲಿಲ್ಲ. ಎದ್ದು ಕೂತಳು. ಆದರೆ ಒಂದೆರಡು ನಿಮಿಷ ಮಂಕಾಗಿ, "ನಾವು ಯಾವಾಗ ಊರಿಗೆ ಬಂದ್ವಿ?" ಅಂತ ಒಂದೇ ಪ್ರಶ್ನೆಯನ್ನ ಮೂರು ಸಲ ಕೇಳಿದಳು. ಆಮೇಲೆ ಎರಡು ಸಲ ವಾಂತಿ.

ನಂಜನಗೂಡಿಗೆ ಓಡಿದೆವು, ಅಲ್ಲಿಂದ ಮೈಸೂರಿಗೆ. ಸಿಟಿ ಸ್ಕ್ಯಾನ್ ಆಯ್ತು. "ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ. ನಾರ್ಮಲ್" ಅಂದರು ಡ್ಯೂಟಿ ಡಾಕ್ಟರ್. ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳಿಸಿದರು. ಆ 'ನಾರ್ಮಲ್' ಅನ್ನೋ ಮಾತು ಕೇಳಿ ನಾನು ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟಿದ್ದೆ. ಅದೇ ಮಾತನ್ನ ಮುಂದಿನ ಒಂದು ತಿಂಗಳು ಮಗಳ ವಿರುದ್ಧ ಸಾಕ್ಷಿಯ ಥರ ಬಳಸ್ತೀನಿ ಅಂತ ಆಗ ಗೊತ್ತಿರಲಿಲ್ಲ.

ಅವ್ವ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು, ನಂಜುಂಡೇಶ್ವರನಿಗೆ ಮುಡಿಪು ಕಟ್ಟಿದಳು. ನಾನು ಮಾಡಿದ್ದೇನು? ಮಾರನೇ ದಿನ ನನಗೆ ಆಫೀಸಿನ ಕಾಲ್ ಇತ್ತು. ಮಗು ಓಡಾಡದೆ ಒಂದು ಕಡೆ ಮಲಗಿರಲಿ ಅಂತ ಕೈಗೆ ಮೊಬೈಲ್ ಕೊಟ್ಟೆ. ಎರಡು ದಿನ ಅದನ್ನೇ ನೋಡಿದಳು. ತಲೆನೋವು ಅಂದಾಗ ಮೊಬೈಲ್ ಕಿತ್ಕೊಂಡು, ಕಿಟಕಿ ಮುಚ್ಚಿ, ಕತ್ತಲೆ ಕೋಣೇಲಿ ಒಂದು ವಾರ ಮಲಗಿಸಿದೆ. ಅಣ್ಣನ ಮಕ್ಕಳನ್ನ ಹತ್ತಿರ ಬಿಡಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದು, ಶಾಲೆ ಶುರುವಾಗಿದೆಯಲ್ಲ ಅಂತ, ಸೋಮವಾರ ಬೆಳಗ್ಗೆ ಏಳೂವರೆ ವ್ಯಾನಿಗೆ ಹತ್ತಿಸಿಬಿಟ್ಟೆ. ಪೂರ್ತಿ ದಿನ, ಪೂರ್ತಿ ಬ್ಯಾಗು.

ಈ ಮೂರೂ ತಪ್ಪು. ಅದನ್ನ ಆಮೇಲೆ ಹೇಳ್ತೀನಿ.

ಜೂನ್ ತಿಂಗಳಿಡೀ ಮನೇಲಿ ಜಗಳ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದಳು. ಟ್ಯೂಬ್‌ಲೈಟ್ ಹಾಕಿದರೆ ಸಿಡುಕು. ಮಧ್ಯಾಹ್ನ ಆಗುತ್ತಿದ್ದಂತೆ ತಲೆನೋವು. ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ, ಬೆಳಗ್ಗೆ ಎದ್ದೇಳೋಕೆ ಆಗಲ್ಲ. ಪಾಠ ಓದು ಅಂದರೆ "ಅಕ್ಷರ ಓಡಾಡ್ತವೆ ಅಮ್ಮಾ" ಅನ್ನೋಳು. ಹದಿನಾರರ ಮಗ್ಗಿ ಗಿಳಿಯ ಹಾಗೆ ಹೇಳುತ್ತಿದ್ದ ಮಗು ಏಳರ ಮಗ್ಗೀಲಿ ನಿಂತುಬಿಡೋಳು. ಸಣ್ಣದಕ್ಕೂ ಅಳು.

ಕ್ಲಾಸ್ ಟೀಚರ್ ಫೋನ್ ಮಾಡಿದರು. "ಮೇಡಂ, ಮೂರನೇ ಪೀರಿಯಡ್ ಆದ್ಮೇಲೆ ಡೆಸ್ಕ್ ಮೇಲೆ ತಲೆ ಇಟ್ಟು ಮಲಗಿಬಿಡ್ತಾಳೆ. ಮನೇಲಿ ಮೊಬೈಲ್ ಜಾಸ್ತೀನಾ?"

ನನಗೆ ಅವಮಾನ ಆಯ್ತು. ಆ ಸಿಟ್ಟೆಲ್ಲ ಮಗಳ ಮೇಲೆ. "ಸ್ಕ್ಯಾನ್ ನಾರ್ಮಲ್ ಬಂದಿದೆ ಪುಟ್ಟಿ. ನಿಂಗೇನೂ ಆಗಿಲ್ಲ. ನಾಟಕ ಸಾಕು." ಒಂದು ಸಲ ಅಲ್ಲ, ದಿನಾ ಹೇಳಿದೆ.

ಒಂದು ವಾರದಲ್ಲಿ ಅವಳ ದೂರು ನಿಂತುಹೋಯಿತು. ಸದ್ಯ ಸರಿಹೋದಳು ಅಂದುಕೊಂಡು ನಾನು ನಿಟ್ಟುಸಿರು ಬಿಟ್ಟೆ. ಅವ್ವನಿಗೆ ಫೋನ್ ಮಾಡಿ ಮುಡಿಪು ಸಲ್ಲಿಸು ಅಂತಲೂ ಹೇಳಿದೆ. ಆಮೇಲೊಂದು ಸಂಜೆ ಕಾಲ್ ಮುಗಿಸಿ ನೋಡಿದರೆ ಮಗಳು ಹಾಲಿನಲ್ಲಿಲ್ಲ, ರೂಮಿನಲ್ಲಿಲ್ಲ. ಬಚ್ಚಲುಮನೇಲಿ ಲೈಟ್ ಆರಿಸಿ, ಮಗುಚಿಟ್ಟ ಬಕೆಟ್ ಮೇಲೆ ಕೂತಿದ್ದಳು. "ಇಲ್ಯಾಕೆ ಕೂತಿದೀಯ?" ಅಂದೆ.

"ಇಲ್ಲಿ ಸದ್ದಿಲ್ಲ. ನೀನೂ ಬಯ್ಯಲ್ಲ" ಅಂದಳು.

ಅವಳಿಗೆ ವಾಸಿಯಾಗಿರಲಿಲ್ಲ. ನನಗೆ ಹೇಳೋದನ್ನ ಬಿಟ್ಟಿದ್ದಳು, ಅಷ್ಟೇ.

ಆ ರಾತ್ರಿ ಮೈಸೂರಿನ ಫೈಲ್ ತೆಗೆದು ಡಿಸ್ಚಾರ್ಜ್ ಚೀಟಿಯನ್ನ ಮೊದಲ ಸಲ ಕೊನೇವರೆಗೂ ಓದಿದೆ. ಕೆಳಗಡೆ ಒಂದು ಸಾಲು ಇತ್ತು: ಕನ್ಕಷನ್, ತೊಂದರೆ ಮುಂದುವರಿದರೆ ಮತ್ತೆ ತೋರಿಸಿ. ದಿನಕ್ಕೆ ನೂರು ಇಮೇಲ್ ಓದೋ ನಾನು ಆ ಒಂದು ಸಾಲು ಓದಿರಲಿಲ್ಲ.

ಜುಲೈ ಮೊದಲ ವಾರ ಮಕ್ಕಳ ನರರೋಗ ತಜ್ಞರೊಬ್ಬರ ಹತ್ತಿರ ಹೋದೆವು. ಅವರು ನನ್ನನ್ನ ಏನೂ ಕೇಳಲಿಲ್ಲ, ಮೊದಲು ಮಗಳನ್ನ ಕೇಳಿದರು. "ಬೆಳಗ್ಗೆ ಜಾಸ್ತಿನಾ, ಮಧ್ಯಾಹ್ನನಾ? ಬೋರ್ಡ್ ನೋಡಿ ಪುಸ್ತಕ ನೋಡಿದ್ರೆ ಕಣ್ಣಿಗೆ ಏನಾಗುತ್ತೆ? ಮೆಟ್ಟಿಲು ಇಳಿಯೋವಾಗ ತಲೆ ತಿರುಗುತ್ತಾ?" ಒಂದೊಂದಕ್ಕೂ ಉತ್ತರ ಇತ್ತು ಅವಳ ಹತ್ತಿರ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೇ. ಆಮೇಲೆ ಕಣ್ಣಿನ ಚಲನೆ, ಒಂಟಿ ಕಾಲಿನ ನಿಲುವು, ಕುತ್ತಿಗೆ ಎಲ್ಲ ಪರೀಕ್ಷಿಸಿದರು.

ಕೊನೆಗೆ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು: "ಸಿಟಿ ಸ್ಕ್ಯಾನ್ ನೋಡೋದು ರಕ್ತಸ್ರಾವ, ಮೂಳೆ ಮುರಿತ, ಊತ ಇಂಥದ್ದನ್ನ. ಕನ್ಕಷನ್ ಅದರಲ್ಲಿ ಕಾಣಲ್ಲ. ಅದು ಮೆದುಳಿನ ಆಕಾರದ ತೊಂದರೆ ಅಲ್ಲ, ಕೆಲಸದ ತೊಂದರೆ. ಫೋನ್ ಬಿದ್ದಾಗ ಗಾಜು ಒಡೆದಿಲ್ಲ ಅಂತ ಖುಷಿ ಪಡ್ತೀವಲ್ಲ. ಆದ್ರೆ ಅವತ್ತಿಂದ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ ಆಗ್ತಿದ್ರೆ? ಹಂಗೆ."

ಮೆದುಳು ಜೋರಾಗಿ ಕುಲುಕಿದಾಗ ನರಕೋಶಗಳ ಒಳಗಿನ, ಹೊರಗಿನ ಲವಣಗಳ ಲೆಕ್ಕ ತಪ್ಪುತ್ತದೆ. ಅದನ್ನು ಸರಿ ಮಾಡಲು ಮೆದುಳಿಗೆ ಮಾಮೂಲಿಗಿಂತ ಜಾಸ್ತಿ ಶಕ್ತಿ ಬೇಕು. ಅದೇ ಹೊತ್ತಿನಲ್ಲಿ ರಕ್ತದ ಹರಿವು ಕಮ್ಮಿಯಾಗಿರುತ್ತದೆ. ಅದಕ್ಕೇ ಬೆಳಕು, ಸದ್ದು, ಓದು ಇವೆಲ್ಲ ದುಬಾರಿ ಕೆಲಸಗಳಾಗುತ್ತವೆ. ಹೆಚ್ಚಿನ ಮಕ್ಕಳಿಗೆ ಎರಡರಿಂದ ನಾಲ್ಕು ವಾರದಲ್ಲಿ ಸರಿಹೋಗುತ್ತದೆ. ನಾಲ್ಕು ವಾರ ದಾಟಿದರೆ ಅದನ್ನ 'ಉಳಿದುಕೊಂಡ ಲಕ್ಷಣಗಳು' ಅಂತ ಬೇರೆಯಾಗಿಯೇ ನೋಡಬೇಕು.

ಇದು ಅಪರೂಪವೂ ಅಲ್ಲ. ಕೆನಡಾದ ಒಂಬತ್ತು ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಕನ್ಕಷನ್ ಆಗಿ ಬಂದ 3,063 ಮಕ್ಕಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ನಾಲ್ಕು ವಾರದ ನಂತರವೂ ಹತ್ತರಲ್ಲಿ ಸುಮಾರು ಮೂರು ಮಕ್ಕಳಿಗೆ ತೊಂದರೆ ಉಳಿದಿತ್ತು. ಹೆಣ್ಣುಮಕ್ಕಳು, ಹದಿಮೂರು ದಾಟಿದವರು, ಮೊದಲೇ ಮೈಗ್ರೇನ್ ಇದ್ದವರು, ಹಿಂದೊಮ್ಮೆ ಕನ್ಕಷನ್ ಆಗಿ ವಾರಕ್ಕಿಂತ ಹೆಚ್ಚು ನರಳಿದವರು, ಬಿದ್ದ ದಿನವೇ ತಲೆನೋವು, ಸುಸ್ತು, ಸದ್ದು ತಡೆಯಲಾಗದ ಸ್ಥಿತಿ ಇದ್ದವರು, ಕೇಳಿದ್ದಕ್ಕೆ ನಿಧಾನವಾಗಿ ಉತ್ತರಿಸಿದವರು - ಇವರಲ್ಲಿ ಸಾಧ್ಯತೆ ಜಾಸ್ತಿ. ನನಗೆ ಮೈಗ್ರೇನ್ ಇದೆ. ಪುಟ್ಟಿಗೂ ಪ್ರಯಾಣ ಮಾಡಿದಾಗೆಲ್ಲ ತಲೆನೋವು ಬರುತ್ತಿತ್ತು.

ಈಗ ನನ್ನ ಮೂರು ತಪ್ಪುಗಳಿಗೆ ಬರ್ತೀನಿ.

ಮೊದಲನೆಯದು ಮೊಬೈಲ್. ಅಮೆರಿಕದಲ್ಲಿ 12ರಿಂದ 25 ವರ್ಷದ 125 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2021ರಲ್ಲಿ ಬಂತು. ಮೊದಲ 48 ಗಂಟೆ ಸ್ಕ್ರೀನ್ ಮುಟ್ಟದವರ ತೊಂದರೆ ಮಧ್ಯಮ ಲೆಕ್ಕದಲ್ಲಿ ಮೂರೂವರೆ ದಿನಕ್ಕೆ ಮುಗಿದರೆ, ಸ್ಕ್ರೀನ್ ನೋಡಿದವರಿಗೆ ಎಂಟು ದಿನ ಹಿಡಿಯಿತು. ಆ ಎರಡು ದಿನ ನಾನೇ ಕೈಯಾರೆ ಮೊಬೈಲ್ ಕೊಟ್ಟಿದ್ದೆ.

ಎರಡನೆಯದು ಕತ್ತಲೆ ಕೋಣೆ. ಇದನ್ನು ಕೇಳಿ ನನಗೇ ಆಶ್ಚರ್ಯ ಆಯ್ತು. ಪೂರ್ಣ ವಿಶ್ರಾಂತಿಯೇ ಮದ್ದು ಅಂತ ಹಿಂದೆ ವೈದ್ಯರೂ ಹೇಳುತ್ತಿದ್ದರಂತೆ. ಆದರೆ ಐದು ದಿನ ಕಟ್ಟುನಿಟ್ಟಾಗಿ ಮಲಗಿಸಿದ ಮಕ್ಕಳು, ಒಂದೆರಡು ದಿನ ಮಾತ್ರ ವಿಶ್ರಾಂತಿ ಪಡೆದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು ಅಂತ 2015ರ ಒಂದು ಅಧ್ಯಯನ ತೋರಿಸಿತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಒಮ್ಮತದ ಸಲಹೆಯೂ ಅದೇ: ಮೊದಲ 24ರಿಂದ 48 ಗಂಟೆ ಆಯಾಸ ಮಾಡಬೇಡಿ, ಆದರೆ ಮನೆಯೊಳಗೆ ಮಾಮೂಲಿ ಓಡಾಟ ಇರಲಿ, ಆಮೇಲೆ ಮೆಲ್ಲಗೆ ನಡಿಗೆಯಂಥ ಚಟುವಟಿಕೆ ಶುರುಮಾಡಿ. ಹದಿಹರೆಯದ 103 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ (2019) ತಲೆನೋವು ಹೆಚ್ಚಾಗದಷ್ಟು ಮಿತಿಯಲ್ಲಿ ದಿನಾ ವ್ಯಾಯಾಮ ಮಾಡಿದವರು 13 ದಿನದಲ್ಲಿ ಚೇತರಿಸಿಕೊಂಡರು, ಬರೀ ಮೈ ಸಡಿಲಿಸುವ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಬೇಕಾಯಿತು.

ಮೂರನೆಯದು, ಒಂದೇ ಏಟಿಗೆ ಪೂರ್ತಿ ಶಾಲೆ. ಮೊದಲು ಪಾಠ, ಆಮೇಲೆ ಆಟ, ಎರಡೂ ಮೆಟ್ಟಿಲು ಮೆಟ್ಟಿಲಾಗಿ - ಇದು ನಿಯಮ. ಇನ್ನೊಂದು ಸಲ ತಲೆಗೆ ಪೆಟ್ಟು ಬೀಳಬಹುದಾದ ಆಟ ಎಲ್ಲಕ್ಕಿಂತ ಕೊನೆಗೆ, ಅದೂ ವೈದ್ಯರು ಸರಿ ಅಂದ ಮೇಲೆ.

ನಮಗೆ ಇದು ಹೊಸದೂ ಅಲ್ಲ, ಯೋಚಿಸಿದರೆ. 2025ರ ಜನವರಿ 31ರಂದು ಪುಣೆಯ ಟಿ20 ಪಂದ್ಯದಲ್ಲಿ ಶಿವಂ ದುಬೆ ಹೆಲ್ಮೆಟ್‌ಗೆ ಚೆಂಡು ಬಡಿದು, ಅವರ ಬದಲು ಹರ್ಷಿತ್ ರಾಣಾ ಬಂದರಲ್ಲ, ನೆನಪಿದೆಯಾ? ಮ್ಯಾಚ್ ರೆಫರಿ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. ಆಲ್‌ರೌಂಡರ್ ಬದಲಿಗೆ ಬೌಲರ್ ಹೆಂಗೆ ಬಂದ ಅಂತ ನಮ್ಮ ಆಫೀಸ್ ಗ್ರೂಪಿನಲ್ಲಿ ಮಧ್ಯರಾತ್ರಿವರೆಗೂ ವಾದ. 'ಕನ್ಕಷನ್ ಸಬ್‌ಸ್ಟಿಟ್ಯೂಟ್' ಅನ್ನೋ ಪದ ಎಲ್ಲರ ಬಾಯಲ್ಲೂ. ಐಸಿಸಿ 2019ರಲ್ಲೇ ಆ ನಿಯಮ ತಂದಿದೆ. ಹೆಲ್ಮೆಟ್ ಹಾಕಿಕೊಂಡ ಗಟ್ಟಿಮುಟ್ಟಾದ ಆಟಗಾರನನ್ನ ಆಟದಿಂದ ಆಚೆ ಕೂರಿಸೋಕೆ ಇಷ್ಟು ಎಚ್ಚರಿಕೆ. ಹೆಲ್ಮೆಟ್ ಇಲ್ಲದೆ ಸಿಮೆಂಟಿಗೆ ತಲೆ ಬಡಿಸಿಕೊಂಡ ಹತ್ತು ವರ್ಷದ ಮಗುವನ್ನ ನಾನು ನೇರವಾಗಿ ಗಣಿತದ ಕ್ಲಾಸಿಗೆ ಕಳಿಸಿದ್ದೆ. ಅಲ್ಲಿ ಅವಳ ಬದಲಿಗೆ ಯಾರೂ ಇಳಿಯೋಕೆ ಆಗಲ್ಲ.

ಇದಕ್ಕೆ ಒಂದು ಮಾತ್ರೆ ಅಂತಿಲ್ಲ. ಪುಟ್ಟಿಯ ತೊಂದರೆಯನ್ನ ಡಾಕ್ಟರು ಬಿಡಿಸಿ ಬಿಡಿಸಿ ನೋಡಿದರು. ತಲೆನೋವು ಮೈಗ್ರೇನ್ ಥರದ್ದು. ಎರಡು ಕಣ್ಣೂ ಹತ್ತಿರದ ಅಕ್ಷರದ ಮೇಲೆ ಒಟ್ಟಿಗೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಅಕ್ಷರ ಓಡಾಡೋದು. ಕುತ್ತಿಗೆ ಬಿಗಿದಿತ್ತು. ನಿದ್ದೆ ಕೆಟ್ಟಿತ್ತು. ಇವೆಲ್ಲದರ ಮೇಲೆ 'ಅಮ್ಮ ನಂಬಲ್ಲ' ಅನ್ನೋ ಕೊರಗು. ಒಂದೊಂದಕ್ಕೂ ಒಂದೊಂದು ದಾರಿ: ಫಿಸಿಯೋಥೆರಪಿ, ಕಣ್ಣಿನ ವ್ಯಾಯಾಮ, ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳೋದು. ನಾನು ದಿನಾ ಕೊಡುತ್ತಿದ್ದ ನೋವಿನ ಮಾತ್ರೆಯನ್ನ ಮೊದಲು ನಿಲ್ಲಿಸಿದರು. ವಾರದಲ್ಲಿ ಹಲವು ದಿನ ಅದನ್ನೇ ನುಂಗುತ್ತಿದ್ದರೆ ಆ ಮಾತ್ರೆಯಿಂದಲೇ ತಲೆನೋವು ಮರುಕಳಿಸುತ್ತದಂತೆ.

ಡಾಕ್ಟರ್ ಕೊಟ್ಟ ಚೀಟಿ ಹಿಡಿದು ಶಾಲೆಗೆ ಹೋದೆ. ಅದೇ ಟೀಚರ್, ವಿಷಯ ತಿಳಿದ ಮೇಲೆ ನನಗಿಂತ ಚೆನ್ನಾಗಿ ನೋಡಿಕೊಂಡರು. ಎರಡು ವಾರ ಅರ್ಧ ದಿನ ಮಾತ್ರ ಶಾಲೆ. ಇಪ್ಪತ್ತು ನಿಮಿಷ ಪಾಠ, ಐದು ನಿಮಿಷ ಬಿಡುವು. ಕಿಟಕಿಯಿಂದ ದೂರದ ಬೆಂಚು. ನೋಟ್ಸ್ ಬರೆಯೋ ಬದಲು ಜೆರಾಕ್ಸ್. ಆ ತಿಂಗಳು ಟೆಸ್ಟ್ ಇಲ್ಲ. ಆಟದ ಪೀರಿಯಡ್‌ನಲ್ಲಿ ಸ್ಕೋರ್ ಬರೆಯೋ ಕೆಲಸ. ಮನೇಲಿ ಬೆಳಗ್ಗೆ ಹದಿನೈದು ನಿಮಿಷ ನಡಿಗೆ, ತಲೆನೋವು ಜಾಸ್ತಿಯಾಗದಿದ್ದರೆ ಮುಂದಿನ ವಾರ ಇಪ್ಪತ್ತು. ಫ್ರಿಜ್ ಮೇಲೆ ಒಂದು ಚಾರ್ಟ್. ದಿನಕ್ಕೆರಡು ಸಲ ಅವಳೇ ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕ ಬರೀಬೇಕು. ಅದನ್ನ ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ. ಆ ಚಾರ್ಟೇ ಅವಳಿಗೆ ಅರ್ಧ ಔಷಧಿ ಆಯ್ತು ಅನ್ನಿಸುತ್ತೆ ನನಗೆ.

ಚೇತರಿಕೆ ನೇರವಾಗಿ ಬರಲಿಲ್ಲ. ಮೂರು ದಿನ ಚೆನ್ನಾಗಿದ್ದರೆ ನಾಲ್ಕನೇ ದಿನ ಏಳು ಅಂಕ. ಗಣೇಶನ ಹಬ್ಬದ ಪಟಾಕಿಗೆ ಮತ್ತೆ ಎರಡು ದಿನ ಶಾಲೆ ತಪ್ಪಿತು. ಆಗ ಹಳೇ ಸಿಟ್ಟು ನನ್ನೊಳಗೆ ಎದ್ದು ಬರುತ್ತಿತ್ತು. ಬಾಯಿ ಮುಚ್ಚಿಕೊಳ್ಳೋದನ್ನ ಕಲಿತೆ. ದಸರಾ ಹೊತ್ತಿಗೆ ಚಾರ್ಟಿನಲ್ಲಿ ಸೊನ್ನೆ, ಒಂದುಗಳೇ ಜಾಸ್ತಿ.

ಜುಲೈನಲ್ಲಿ ಒಂದು ದಿನ ಇದನ್ನೆಲ್ಲ ಫೋನಿನಲ್ಲಿ ಅವ್ವನಿಗೆ ವಿವರಿಸಿದ್ದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ಚಿಕ್ಕಪ್ಪನೂ ಇಂಗೇ ಆಡ್ತಿದ್ದ ಕನವ್ವಾ" ಅಂದಳು.

ಅವ್ವ ಮದುವೆಯಾಗಿ ಕಳಲೆಗೆ ಬಂದ ವರ್ಷ ಚಿಕ್ಕಪ್ಪನಿಗೆ ಹನ್ನೊಂದೋ ಹನ್ನೆರಡೋ. ಹುಣಸೆ ಮರದಿಂದ ಬಿದ್ದಿದ್ದರಂತೆ. ಎರಡು ದಿನ ಮಲಗಿದ್ದು ಎದ್ದರು. ಆಮೇಲೆ ತಲೆನೋವು ಅಂತ ಅಳುವುದು, ಬಿಸಿಲಿಗೆ ಬಾ ಅಂದರೆ ಬಾರದಿರುವುದು, ಪುಸ್ತಕ ಕಂಡರೆ ಓಡಿಹೋಗುವುದು. ಮೇಷ್ಟ್ರು ಹೊಡೆದರು, ತಾತನೂ ಹೊಡೆದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರು. ನಾನು ಹುಟ್ಟಿದಾಗಿನಿಂದ ಅವರನ್ನ ಊರು ಕರೆದದ್ದು 'ಮಂಕ' ಅಂತಲೇ. ನಾವು ಮಕ್ಕಳೂ ಆಡಿಕೊಂಡು ನಕ್ಕಿದ್ದೇವೆ.

ಆ ಪೆಟ್ಟಿನಿಂದಲೇ ಅವರ ಓದು ನಿಂತಿತು ಅಂತ ಇವತ್ತು ಯಾವ ಡಾಕ್ಟರೂ ಹೇಳಲಾರರು. ಆಗ ಬಡತನವೂ ಇತ್ತು, ಮೇಷ್ಟ್ರ ಬೆತ್ತವೂ ಇತ್ತು. ಆದರೆ ದಸರೆಗೆ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಚಿಕ್ಕಪ್ಪ ಪುಟ್ಟಿಯನ್ನ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಬೆಳಕು ಕಂಡ್ರೆ ಕಣ್ಣಿಗೆ ಚುಚ್ಚದಂಗೆ ಆಯ್ತಿತ್ತಾ ಕೂಸೇ?"

"ಹೂಂ ತಾತ. ನಿಮಗೆ ಹೆಂಗೆ ಗೊತ್ತು?"

"ನಂಗೂ ಅಂಗೇ ಆಯ್ತಿತ್ತು. ಯಾರೂ ಕೇಳ್ನಿಲ್ಲ."

ಅಷ್ಟೇ ಮಾತು. ಆಮೇಲೆ ಇಬ್ಬರೂ ಗದ್ದೆ ಕಡೆ ನಡೆದುಹೋದರು.

ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಮಕ್ಕಳು ಇನ್ನೂ ಇಲ್ಲದಿರಬಹುದು. ಆದರೆ ಅಕ್ಕನ ಮಗ, ಅಣ್ಣನ ಮಗಳು, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕ್ರಿಕೆಟ್ ಆಡೋ ಹುಡುಗರು ಇದ್ದೇ ಇರ್ತಾರೆ. ಹಾಗಾಗಿ ನಾನು ಕಲಿತದ್ದನ್ನ ಚಿಕ್ಕದಾಗಿ ಹೇಳಿಬಿಡ್ತೀನಿ.

ತಲೆಗೆ ಪೆಟ್ಟು ಬಿದ್ದ ಮಗುವಿಗೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಮಾತಿನಲ್ಲಿ ತೊದಲು, ಒಂದು ಕಡೆಯ ಕೈಕಾಲಿನಲ್ಲಿ ಬಲ ಇಲ್ಲದಿರುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ, ಕಿವಿ ಮೂಗಿನಿಂದ ರಕ್ತ ಅಥವಾ ನೀರು - ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬಿದ್ದ ದಿನ ಮತ್ತೆ ಆಟಕ್ಕೆ ಬಿಡಬೇಡಿ, 'ಏನಾಗಲ್ಲ ಬಿಡು' ಅಂದರೂ. ಡಾಕ್ಟರು ನೋಡಿ ಮನೆಗೆ ಕಳಿಸಿದ ಮೇಲೆ ಮಗು ನಿದ್ದೆ ಮಾಡಬಾರದು ಅಂತೇನಿಲ್ಲ, ಮಾಡಲಿ. ಎರಡು ದಿನ ಮೊಬೈಲ್, ಟಿವಿ ದೂರ ಇಡಿ. ಆಮೇಲೆ ಮೆಲ್ಲಗೆ ಓಡಾಡಿಸಿ. ಶಾಲೆಗೆ ಮೊದಲೇ ತಿಳಿಸಿ.

ನಾಲ್ಕು ವಾರ ದಾಟಿಯೂ ತಲೆನೋವು, ಮರೆವು, ಸಿಡುಕು, ನಿದ್ದೆಗೇಡು ಉಳಿದಿದ್ದರೆ ಮತ್ತೆ ತೋರಿಸಿ. ದೊಡ್ಡ ಊರಿಗೇ ಹೋಗಬೇಕೆಂದಿಲ್ಲ, ಮೊದಲು ಹತ್ತಿರದ ಮಕ್ಕಳ ಡಾಕ್ಟರು ಸಾಕು. ಬೇಕಾದರೆ ಅವರೇ ಮುಂದಕ್ಕೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದ್ದೇ ಇದೆ. ಮಗುವಿನ ಮನಸ್ಸು ಕುಗ್ಗಿದ್ದರೆ, ಅಥವಾ ನಿಮ್ಮದೇ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹೆಲ್ಮೆಟ್ ಬಗ್ಗೆ ಒಂದು ಮಾತು. ಬೈಕ್ ಹಿಂದೆ ಕೂರುವ ಮಕ್ಕಳಿಗೆ, ಒಂಬತ್ತು ತಿಂಗಳು ದಾಟಿದ ಕೂಸಿನಿಂದಲೇ, ಹೆಲ್ಮೆಟ್ ಕಡ್ಡಾಯ ಅಂತ ಕೇಂದ್ರದ ನಿಯಮವೇ ಇದೆ. ನಾಲ್ಕು ವರ್ಷದೊಳಗಿನವರಿಗೆ ಕಟ್ಟುಪಟ್ಟಿ ಬೇಕು, ವೇಗ 40 ಕಿಲೋಮೀಟರ್ ದಾಟುವಂತಿಲ್ಲ. ಹೆಲ್ಮೆಟ್ ಕನ್ಕಷನ್ನನ್ನ ಪೂರ್ತಿ ತಡೆಯಲ್ಲ, ಆದರೆ ತಲೆಬುರುಡೆ ಒಡೆಯೋದನ್ನ, ಜೀವ ಹೋಗೋದನ್ನ ತಡೆಯುತ್ತೆ. ಕಳಲೆಯ ಸೈಕಲ್ಲಿಗೂ ಈಗ ಎರಡು ಹೆಲ್ಮೆಟ್ ಇದೆ. ಅಣ್ಣನ ಮಗ ಮೊದಲು ನಾಚಿಕೊಂಡ, ಈಗ ಅದಿಲ್ಲದೆ ಪೆಡಲ್ ಮೇಲೆ ಕಾಲಿಡಲ್ಲ.

ಫ್ರಿಜ್ ಮೇಲಿನ ಚಾರ್ಟ್ ಇನ್ನೂ ಅಲ್ಲೇ ಇದೆ. ಬರೆಯೋಕೆ ಏನೂ ಇಲ್ಲದೆ ವಾರಗಳಾಯಿತು. ಮೊನ್ನೆ ತೆಗೆಯೋಕೆ ಹೋದೆ. "ಇರಲಿ ಬಿಡಮ್ಮ" ಅಂದಳು ಪುಟ್ಟಿ. "ನಿಂಗೆ ಮೈಗ್ರೇನ್ ಬಂದಾಗ ನೀನೂ ಬರಿ. ನಾನು ನಾಟಕ ಅನ್ನಲ್ಲ."